ಓದಿಗೆ ಕಿವಿಗೊಡುವವರು

ಹೆದ್ದಾರಿಯಿಂದ ಕೊಲ್ಲೂರಿನ ರಸ್ತೆಯು ಕವಲೊಡೆಯುವ ಹೆಮ್ಮಾಡಿಯಲ್ಲಿ, ಮಕರಸಂಕ್ರಮಣದ ಸಮಯಕ್ಕೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಹೋಗಬೇಕಾದ ಸೇವಂತಿಗೆಯು ಮೊಗ್ಗುಗಟ್ಟುತ್ತಿದ್ದ ಕಾಲದಲ್ಲಿ, ಗದ್ದೆಯ ಅಂಚಿನ ಮೇಲೆ ನಡೆದ ಮಾತುಕತೆಯಿದು. ಒಬ್ಬರು ಹೂವಿನ ಕೃಷಿಯಲ್ಲಿಯೇ ಆಯುಷ್ಯವನ್ನು ಕಳೆದ ಹಿರಿಯರು. ಮತ್ತೊಬ್ಬರು ಸಮೀಪದ ಸರಕಾರಿ ಶಾಲೆಯೊಂದರಲ್ಲಿ ಮೊದಲ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುವ ಉಪಾಧ್ಯಾಯಿನಿ. ಇಬ್ಬರೂ ಆಡಿದುದು ಕುಂದಾಪುರದ ಕನ್ನಡವನ್ನು. ಅದನ್ನು ಗ್ರಾಂಥಿಕಕ್ಕೆ ತಿರುಗಿಸಿದ ಹೊಣೆ ಬರೆದವನದು. ಹೀಗೆ ತಿರುಗಿಸುವುದರಿಂದ ಮಕ್ಕಳಿಗೆ ಎಷ್ಟು ತೊಡಕಾಗುತ್ತದೆಂಬ ವಿಚಾರವೂ ಸಂವಾದದ ನಡುವೆ ಬರುತ್ತದೆ.

ಹಿರಿಯರು: ಬನ್ನಿ ಟೀಚರೇ, ಕುಳಿತುಕೊಳ್ಳಿ. ಮೊಮ್ಮಗನ ಮೇಲೆ ದೂರೇನಾದರೂ ಉಂಟೋ? ಟೀಚರು ಮನೆಗೆ ಬರುತ್ತಾರಂತೆ ಎಂದು ಅವನಮ್ಮ ಹೇಳಿದ ಮೇಲೆ ಹುಡುಗ ಗದ್ದೆಯ ಕಡೆಗೇ ಸುಳಿಯಲಿಲ್ಲ.

ಉಪಾಧ್ಯಾಯಿನಿ: ದೂರೇನೂ ಇಲ್ಲ ಅಜ್ಜಯ್ಯ. ಅವನು ಜಗಳಗಂಟನಲ್ಲ, ಮೈಗಳ್ಳನಲ್ಲ, ಶಾಲೆ ತಪ್ಪಿಸುವವನೂ ಅಲ್ಲ. ಆದರೆ ಮೂರನೆಯ ತರಗತಿಯ ಅರ್ಧ ಕಳೆದರೂ ಅವನಿಗೆ ಓದಲು ಬರುವುದಿಲ್ಲ. ಈ ಸಂಗತಿಯನ್ನು ಪ್ರಗತಿಪತ್ರದಲ್ಲಿ ಒಂದು ಅಕ್ಷರದ ಶ್ರೇಣಿಯಾಗಿ ಬರೆದು ಕಳುಹಿಸುವುದಕ್ಕಿಂತ ಎದುರಿಗೆ ಕುಳಿತು ಹೇಳುವುದು ಮೇಲೆಂದು ಬಂದೆ.

ಹಿರಿಯರು: ಓದಲು ಬರುವುದಿಲ್ಲವೆ? ಸಂಜೆ ದೀಪ ಹಚ್ಚಿದ ಮೇಲೆ ಚಾವಡಿಯಲ್ಲಿ ಕುಳಿತು, ಪುಸ್ತಕ ಬಿಡಿಸಿ, ನಾಲ್ಕು ಮನೆಗೆ ಕೇಳುವ ಹಾಗೆ ಪದ್ಯ ಓದುತ್ತಾನಲ್ಲ!

ಉಪಾಧ್ಯಾಯಿನಿ: ಪುಸ್ತಕವನ್ನು ತಲೆಕೆಳಗಾಗಿ ಹಿಡಿಸಿ ನೋಡಿ, ಆಗಲೂ ಹಾಗೆಯೇ ಓದುವನು. ಅವನ ಕಿವಿ ಬಹಳ ಚುರುಕು. ತರಗತಿಯಲ್ಲಿ ಮುಂದಿನ ಸಾಲಿನ ಮಕ್ಕಳು ಎರಡು ಸಲ ಓದಿದುದನ್ನು ಅವನು ಮೂರನೆಯ ಸಲ ಬಾಯಿಪಾಠವಾಗಿ ಒಪ್ಪಿಸಬಲ್ಲನು, ಮತ್ತು ಒಪ್ಪಿಸುವಾಗ ಬೆರಳನ್ನು ಸಾಲಿನ ಕೆಳಗೆ ಓಡಿಸುತ್ತಾನಾದುದರಿಂದ ನೋಡಿದವರಿಗೆ ಅದು ಓದೆಂದೇ ತೋರುತ್ತದೆ. ಸಂಶಯ ಬಂದು ಒಂದು ದಿನ ಅವನು ಹಿಂದೆಂದೂ ಕಾಣದ ಸಣ್ಣ ಚಿತ್ರಪುಸ್ತಕವೊಂದನ್ನು ಮುಂದಿಟ್ಟೆ. ಮರದ ಮೇಲೆ ಮಂಗ ಕುಳಿತ ಚಿತ್ರ. ಕೆಳಗೆ 'ಮಂಗ' ಎಂದು ಅಚ್ಚಾಗಿದೆ. ಅವನು 'ಮರದಲ್ಲಿ ಕೋತಿ ಕೂತಿದೆ' ಎಂದು ತಡವಿಲ್ಲದೆ ಓದಿದನು. ಚಿತ್ರದ ಮೇಲೆ ಅಂಗೈಯಿಟ್ಟು ಮುಚ್ಚಿ, ಈಗ ಓದು ಎಂದೆ. ಸುಮ್ಮನಾದನು. ಬಹಳ ಹೊತ್ತಿನ ಮೇಲೆ 'ಮ' ಎಂದನು, ಆಮೇಲೆ ನನ್ನ ಮುಖವನ್ನು ನೋಡಿದನು. ಅಕ್ಷರವನ್ನಲ್ಲ, ಮುಖವನ್ನು! ಓದು ಬಾರದ ಮಗುವು ಪುಟದಲ್ಲಿ ಉತ್ತರವನ್ನು ಹುಡುಕುವುದಿಲ್ಲ. ದೊಡ್ಡವರ ಹುಬ್ಬಿನಲ್ಲಿ ಹುಡುಕುತ್ತದೆ.

ಹಿರಿಯರು: ಇದಕ್ಕೆಲ್ಲ ಮೂಲ ಕಾರಣ ನೀವು ಮಕ್ಕಳನ್ನು ಫೇಲು ಮಾಡುವುದನ್ನು ಬಿಟ್ಟದ್ದು. ನಮ್ಮ ಕಾಲದಲ್ಲಿ ಓದು ಬಾರದವನನ್ನು ಅದೇ ಬೆಂಚಿನಲ್ಲಿ ಇನ್ನೊಂದು ವರ್ಷ ಕೂರಿಸುತ್ತಿದ್ದರು. ಬೆತ್ತವೂ ಇತ್ತು. ನಾವು ಕಲಿಯಲಿಲ್ಲವೆ?

ಉಪಾಧ್ಯಾಯಿನಿ: ನೀವು ಕಲಿತಿರಿ. ನಿಮ್ಮೊಡನೆ ಒಂದನೆಯ ತರಗತಿಯಲ್ಲಿ ಕುಳಿತವರೆಲ್ಲರೂ ಏಳನೆಯವರೆಗೆ ಬಂದರೆ?

ಹಿರಿಯರು: ಎಲ್ಲರೂ ಎಲ್ಲಿ ಬಂದಾರು! ಅರ್ಧಕ್ಕೆ ಅರ್ಧ ನಡುವೆ ಬಿಟ್ಟರು. ಕೆಲವರು ಗಂಗೊಳ್ಳಿಯಲ್ಲಿ ದೋಣಿಗೆ, ಕೆಲವರು ಬೊಂಬಾಯಿಯ ಹೊಟೇಲಿಗೆ. ನನ್ನ ತಮ್ಮನೇ ಮೂರನೆಯ ತರಗತಿಯಲ್ಲಿ ಎರಡು ಸಲ ಕುಳಿತು, ಮೂರನೆಯ ಸಲಕ್ಕೆ ಕಾಯದೆ, ಊರಿನವರೊಬ್ಬರೊಡನೆ ಬೊಂಬಾಯಿಗೆ ಬಸ್ಸು ಹತ್ತಿದನು. ಕಪ್ಪು–ಬಸಿ ತೊಳೆಯುತ್ತ, ರಾತ್ರಿ ಕನ್ನಡ ಶಾಲೆಗೆ ಹೋಗಿ, ಹದಿನೇಳನೆಯ ವರ್ಷದಲ್ಲಿ ಮನೆಗೆ ಮೊದಲ ಕಾಗದ ಬರೆದನು.

ಉಪಾಧ್ಯಾಯಿನಿ: ನೋಡಿದಿರಾ? ಬೆತ್ತದಿಂದ ಕಲಿತವರು ಉಳಿದುಕೊಂಡು ಬೆತ್ತದ ಮಹಿಮೆಯನ್ನು ಹೇಳುತ್ತಾರೆ. ಕಲಿಯದವರು ಸಾಕ್ಷಿ ಹೇಳುವುದಕ್ಕೆ ಊರಿನಲ್ಲಿಯೇ ಇರಲಿಲ್ಲ. ನಿಮ್ಮ ತಮ್ಮನವರಿಗೆ ಬುದ್ಧಿ ಇಲ್ಲದಿದ್ದರೆ, ಹಗಲೆಲ್ಲ ದುಡಿದು ದಣಿದ ಮೈಯಲ್ಲಿ ರಾತ್ರಿಶಾಲೆಯ ದೀಪದ ಕೆಳಗೆ ಕುಳಿತು ಓದಲು ಕಲಿಯುತ್ತಿದ್ದರೆ? ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಕರಾವಳಿಯ ಎಷ್ಟು ಹುಡುಗರಿಗೆ ಹೀಗೆ ಎರಡನೆಯ ಬಾಗಿಲಾದುವೆಂಬುದು ನಿಮಗೇ ಗೊತ್ತು. ಆ ಮೂರನೆಯ ತರಗತಿಯಲ್ಲಿ ಅವರಿಗೆ ಬೇಕಾಗಿದ್ದುದು ಇನ್ನೊಂದು ವರ್ಷವಲ್ಲ, ಇನ್ನೊಂದು ಬಗೆಯ ವರ್ಷ. ಅದೇ ಪಾಠವನ್ನು ಅದೇ ರೀತಿಯಲ್ಲಿ ಎರಡನೆಯ ಸಲ ಕೇಳಿಸಿದರೆ, ಮೊದಲ ಸಲ ಎಲ್ಲಿ ಎಡವಿದನೋ ಅಲ್ಲಿಯೇ ಎಡವುತ್ತಾನೆ. ಜೊತೆಗೆ ತಾನು ದಡ್ಡನೆಂಬ ನಂಬಿಕೆಯೊಂದನ್ನು ಲಾಭವಾಗಿ ಪಡೆಯುತ್ತಾನೆ. ಆದರೆ ನಿಮ್ಮ ಮಾತಿನಲ್ಲಿಯೂ ಅರ್ಧ ಸತ್ಯವುಂಟು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಬಂದ ಮೇಲೆ ಸಣ್ಣ ತರಗತಿಗಳಲ್ಲಿ ಮಗುವನ್ನು ತಡೆದು ನಿಲ್ಲಿಸುವುದು ನಿಂತಿತು. ತಡೆಯದೆ ಮುಂದಕ್ಕೆ ಕಳುಹಿಸಿದ ಮಗುವಿನ ಕೈಹಿಡಿಯುವ ಏರ್ಪಾಡು ಮಾತ್ರ ಅದೇ ವೇಗದಲ್ಲಿ ಬರಲಿಲ್ಲ. ಮೂರನೆಯ ತರಗತಿಯನ್ನು ಮುಗಿಸುವಷ್ಟರಲ್ಲಿ ಪ್ರತಿಯೊಂದು ಮಗುವೂ ಓದಬೇಕೆಂದು ಕೇಂದ್ರ ಸರಕಾರವು ೨೦೨೧ರಲ್ಲಿ 'ನಿಪುಣ್ ಭಾರತ್' ಎಂಬ ಯೋಜನೆಯನ್ನು ಹೂಡಿತು. ಪ್ರಥಮ್ ಸಂಸ್ಥೆಯವರು ದೇಶದ ಹಳ್ಳಿಹಳ್ಳಿಗಳ ಮನೆಗಳಿಗೆ ಹೋಗಿ ೨೦೨೪ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು ನೂರಕ್ಕೆ ೨೭ರಷ್ಟು ಮಾತ್ರ. ನಿಮ್ಮ ಮೊಮ್ಮಗ ಒಬ್ಬಂಟಿಯಲ್ಲ.

ಹಿರಿಯರು: ಮೊದಲು ಅ ಆ ಇ ಈ ಕಲಿಸುವುದನ್ನು ಬಿಟ್ಟಿರಿ. ಇವನು ಒಂದನೆಯ ತರಗತಿಗೆ ಸೇರಿದ ಹೊಸತರಲ್ಲಿ 'ರ ಗ ಸ ದ ಅ' ಎಂದು ಹೇಳುತ್ತ ಬಂದನು. ಇದ್ಯಾವ ಮಂತ್ರವೋ ಎಂದು ನಾನು ಬೆರಗಾದೆ. ನನ್ನ ಅಪ್ಪಯ್ಯ ಐಗಳ ಎದುರು ಹೊಯ್ಗೆ ಹರಡಿ ಬೆರಳಿನಿಂದ ತಿದ್ದಿದವರು. ಅವರೂ 'ಅ'ಕಾರದಿಂದಲೇ ಹೊರಟವರು.

ಉಪಾಧ್ಯಾಯಿನಿ: ಹೊಯ್ಗೆಯನ್ನು ನಾನೂ ಬಿಟ್ಟಿಲ್ಲ; ಒಂದು ಹರಿವಾಣದ ತುಂಬ ತರಗತಿಯಲ್ಲಿಟ್ಟಿದ್ದೇನೆ. ಬೆರಳಿಗೆ ತಾಕಿದ ಅಕ್ಷರ ಬೇಗ ಮರೆಯುವುದಿಲ್ಲವೆಂಬುದನ್ನು ಐಗಳು ಯಾವ ಶಾಸ್ತ್ರವನ್ನೂ ಓದದೆ ಬಲ್ಲವರಾಗಿದ್ದರು. ಇನ್ನು 'ರ ಗ ಸ ದ ಅ'. ಈ ಐದು ಅಕ್ಷರಗಳನ್ನು ಕಲಿತ ಮಗು ಆ ವಾರದಲ್ಲಿಯೇ ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಓದಬಹುದು. ವರ್ಣಮಾಲೆಯ ಕ್ರಮದಲ್ಲಿ ಅ ಆ ಇ ಈ ಉ ಎಂದು ಐದನ್ನು ಕಲಿತ ಮಗುವಿಗೆ ಓದುವುದಕ್ಕೆ ಮಾತೇ ದೊರೆಯುವುದಿಲ್ಲ. ವರ್ಣಮಾಲೆಯ ಕ್ರಮವು ವೈಯಾಕರಣರ ಪ್ರತಿಭೆಯ ಅದ್ಭುತ ಫಲ, ಸಂದೇಹವಿಲ್ಲ. ಆದರೆ ಅದು ಅಕ್ಷರಗಳನ್ನು ಈಗಾಗಲೇ ಬಲ್ಲವರು ಮಾಡಿದ ವರ್ಗೀಕರಣ. ನಮ್ಮ ತರಗತಿಯಲ್ಲಿರುವ ನಲಿ–ಕಲಿ ಪದ್ಧತಿಯು ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, ೨೦೦೯ರ ಶೈಕ್ಷಣಿಕ ವರ್ಷದಿಂದ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಆಂಧ್ರದ ರಿಷಿವ್ಯಾಲಿಯ ಶಾಲೆಯಲ್ಲಿ ರೂಪುಗೊಂಡ ಕಲ್ಪನೆಯಿದು: ಮಕ್ಕಳು ಕಾರ್ಡುಗಳನ್ನು ಹಿಡಿದು, ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಹತ್ತಬೇಕು, ಐದು ತಟ್ಟೆಗಳಾಗಿ ಕುಳಿತುಕೊಳ್ಳಬೇಕು, ಒಂದು ತಟ್ಟೆಗೆ ಪೂರ್ತಿ ನನ್ನ ನೆರವು, ಒಂದಕ್ಕೆ ಸ್ವಲ್ಪ, ಎರಡಕ್ಕೆ ಜೊತೆಯ ಮಕ್ಕಳ ನೆರವು, ಕೊನೆಯದಕ್ಕೆ ತಾನೇ ತನಗೆ. ಕಲ್ಪನೆಯಲ್ಲಿ ದೋಷವಿಲ್ಲ.

ಹಿರಿಯರು: ಹಾಗಾದರೆ ದೋಷ ಎಲ್ಲಿದೆ?

ಉಪಾಧ್ಯಾಯಿನಿ: ಕಿವಿಯ ಕೊರತೆಯಲ್ಲಿ, ಅಜ್ಜಯ್ಯ. ಲೆಕ್ಕ ಹಾಕಿ. ಮೂವತ್ತು ಮಕ್ಕಳಿಗೆ ಒಬ್ಬ ಉಪಾಧ್ಯಾಯರೆಂಬುದು ಕಾಯಿದೆಯೇ ಒಪ್ಪಿದ ಪ್ರಮಾಣ. ಒಂದು ಗಂಟೆಯ ಕಾಲವನ್ನು, ಹಾಜರಿ, ಹಾಲು, ಮೊಟ್ಟೆ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಯಾವುದೂ ಇಲ್ಲದೆ, ಕೇವಲ ಓದಿಸುವುದಕ್ಕೇ ಕೊಟ್ಟೆನೆಂದರೂ ಒಂದೊಂದು ಮಗುವಿನ ಗಟ್ಟಿ ಓದನ್ನು ನಾನು ಕೇಳಬಹುದಾದದ್ದು ಎರಡು ನಿಮಿಷ. ಚುರುಕಾದ ಮಗು ಆ ಎರಡು ನಿಮಿಷದಲ್ಲಿ ಎರಡು ಪುಟ ಓದುತ್ತದೆ. ತಡವರಿಸುವ ಮಗು ಒಂದು ಸಾಲನ್ನು ಮುಟ್ಟುವುದಿಲ್ಲ. ಅದು ಎಲ್ಲಿ ತಡವರಿಸಿತೆಂದು ನಾನು ಗುರುತಿಸುವಷ್ಟರಲ್ಲಿ ಮುಂದಿನ ಮಗು ಕಾರ್ಡು ಹಿಡಿದು ನಿಂತಿರುತ್ತದೆ. ಯಾರಿಗೆ ಹೆಚ್ಚು ಓದಿಸಬೇಕೋ ಅವರೇ ಕಡಿಮೆ ಓದುತ್ತಾರೆ. ಕಡಿಮೆ ಓದಿದುದರಿಂದ ಇನ್ನೂ ಹಿಂದೆ ಬೀಳುತ್ತಾರೆ. ಒಂದನೆಯ ತರಗತಿಯಲ್ಲಿ ಎರಡು ಅಕ್ಷರಗಳ ಅಂತರವಾಗಿದ್ದುದು ಮೂರನೆಯದರಲ್ಲಿ ಇಡೀ ಪುಸ್ತಕದ ಅಂತರವಾಗುತ್ತದೆ.

ಹಿರಿಯರು: ಸೇವಂತಿಗೆಯ ಸಸಿಯ ಹಾಗೆ ಎನ್ನಿ. ಎಳೆಯದರಲ್ಲಿ ನೋಡದಿದ್ದರೆ…

ಉಪಾಧ್ಯಾಯಿನಿ: ದಮ್ಮಯ್ಯ ಅಜ್ಜಯ್ಯ, ಮಕ್ಕಳನ್ನು ಗಿಡಕ್ಕೆ ಹೋಲಿಸಬೇಡಿ. ತರಬೇತಿಗೆ ಹೋದಲ್ಲೆಲ್ಲ ಅದನ್ನೇ ಕೇಳಿ ಸಾಕಾಗಿದೆ. ಗಿಡಕ್ಕೆ ನಾಚಿಕೆಯಾಗುವುದಿಲ್ಲ, ನಿಮ್ಮ ಮೊಮ್ಮಗನಿಗೆ ಆಗುತ್ತದೆ.

ಹಿರಿಯರು: (ನಕ್ಕು) ಆಯಿತು, ಗಿಡದ ಮಾತು ಬೇಡ. ಆದರೆ ಅವನಿಗೆ ಕಾಗುಣಿತವೆಲ್ಲ ಬರುತ್ತದೆ. 'ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ' ಎಂದು ನಿಲ್ಲದೆ ಹೇಳುತ್ತಾನೆ. ಅಕ್ಷರ ಬಂದ ಮೇಲೆ ಓದು ಬಾರದಿರುವುದು ಹೇಗೆ?

ಉಪಾಧ್ಯಾಯಿನಿ: ಬಹಳ ಒಳ್ಳೆಯ ಪ್ರಶ್ನೆ. ಕಾಗುಣಿತ ಅವನಿಗೆ ಸರಣಿಯಾಗಿ ಬರುತ್ತದೆ, ಬಿಡಿಯಾಗಿ ಬರುವುದಿಲ್ಲ. 'ಕೊ' ಎಂದು ಬರೆದು ತೋರಿಸಿದರೆ, ಅವನು ತುಟಿಯೊಳಗೇ ಕ, ಕಾ, ಕಿ, ಕೀ ಎಂದು ಮೊದಲಿನಿಂದ ಹೇಳಿಕೊಂಡು ಬಂದು ಒತ್ವದಲ್ಲಿ ನಿಲ್ಲಬೇಕು. ಅಷ್ಟರಲ್ಲಿ ಮಾತಿನ ಹಿಂದಿನ ಅಕ್ಷರ ಮರೆತುಹೋಗಿರುತ್ತದೆ, ಅರ್ಥವಂತೂ ಹುಟ್ಟುವುದೇ ಇಲ್ಲ. ನಮ್ಮ ಲಿಪಿಯ ಸೊಬಗನ್ನು ನಾವು ಹೊಗಳುತ್ತೇವೆ, ಹೊಗಳಬೇಕಾದುದೇ. ಆದರೆ ಅದು ಆರು ವರ್ಷದ ಮಗುವಿನ ಮೇಲೆ ಹೊರಿಸುವ ಭಾರವನ್ನು ಎಣಿಸುವುದಿಲ್ಲ. ೩೪ ವ್ಯಂಜನಗಳು ಸ್ವರಚಿಹ್ನೆಗಳೊಡನೆ ಕೂಡಿದಾಗ ನಾನೂರಕ್ಕೂ ಮಿಕ್ಕ ರೂಪಗಳಾಗುತ್ತವೆ. ವ, ಮ, ಪ, ಷ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಮೇಲೆ ಒತ್ತಕ್ಷರಗಳು: 'ಅಕ್ಕ' ಎಂಬಲ್ಲಿ ಕೆಳಗಿನ ಒತ್ತು ಮೇಲಿನ ಅಕ್ಷರವನ್ನು ಹೋಲುತ್ತದೆ, 'ಅಮ್ಮ' ಎಂಬಲ್ಲಿ ಹೋಲುವುದಿಲ್ಲ. ಅರ್ಕಾವತ್ತಿನ ಪಾಡಂತೂ ಕೇಳಬೇಡಿ. 'ಸೂರ್ಯ' ಎಂಬಲ್ಲಿ ರಕಾರವು ಕಿವಿಗೆ ಮೊದಲು ಬೀಳುತ್ತದೆ, ಕಣ್ಣಿಗೆ ಕೊನೆಯಲ್ಲಿ ಬೀಳುತ್ತದೆ. ನಿಮ್ಮ ಮೊಮ್ಮಗ ಅದನ್ನು 'ಸೂಯರ' ಎಂದು ಓದಿದನು. ಜೊತೆಯ ಮಕ್ಕಳು ನಕ್ಕರು. ನನಗೆ ಸಂತೋಷವಾಯಿತು.

ಹಿರಿಯರು: ತಪ್ಪು ಓದಿದರೆ ಸಂತೋಷವೆ?

ಉಪಾಧ್ಯಾಯಿನಿ: ಮೊದಲ ಸಲ ಅವನು ಊಹಿಸದೆ, ಎದುರಿಗಿದ್ದುದನ್ನು ಎಡದಿಂದ ಬಲಕ್ಕೆ ಕಂಡ ಹಾಗೆ ಓದಿದನು. ಅದು ತಪ್ಪಾದುದು ಲಿಪಿಯ ವಿಚಿತ್ರದಿಂದ, ಅವನ ಅಜ್ಞಾನದಿಂದಲ್ಲ. ಅಂಥ ತಪ್ಪನ್ನು ಒಮ್ಮೆ ವಿವರಿಸಿದರೆ ತಿದ್ದಿಕೊಳ್ಳುತ್ತದೆ. ಕನ್ನಡ ಮಕ್ಕಳು ಓದಲು ಕಲಿಯುವ ಬಗೆಯನ್ನು ಕುರಿತು ಸೊನಾಲಿ ನಾಗ್ ಎಂಬ ವಿದುಷಿಯು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮಗೆ ಸಮಾಧಾನ ಕೊಡುವ ಮಾತೊಂದುಂಟು: ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆ ಸಾಲುವ ಕಾಲವು ಕನ್ನಡದ ಅಕ್ಷರಸಮುದಾಯಕ್ಕೆ ಸಾಲದು, ಮೂರು ನಾಲ್ಕನೆಯ ತರಗತಿಯವರೆಗೂ ಆ ಕಲಿಕೆ ಮುಂದುವರಿಯುವುದು ಸಹಜ. ಆದುದರಿಂದ ತಡವಾದುದೆಲ್ಲ ರೋಗವಲ್ಲ. ಆದರೆ ಸಹಜವಾದ ತಡವನ್ನೂ ತನ್ನಷ್ಟಕ್ಕೆ ಗುಣವಾಗದ ತಡವನ್ನೂ ಬೇರ್ಪಡಿಸಬೇಕಾದರೆ ಮಗುವಿನ ಪಕ್ಕದಲ್ಲಿ ಕೂರಬೇಕು.

ಹಿರಿಯರು: ರೋಗವೆಂದಿರಿ. ಕುಂದಾಪುರದಲ್ಲಿ ಯಾರೋ ಹೇಳಿದರು, ಇಂಥದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆಯಂತೆ, ಸರ್ಟಿಫಿಕೇಟೂ ಕೊಡುತ್ತಾರಂತೆ.

ಉಪಾಧ್ಯಾಯಿನಿ: ಡಿಸ್ಲೆಕ್ಸಿಯಾ. ಅದು ನಿಜವಾದ ತೊಡಕು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಪಟ್ಟಿಯಲ್ಲಿ ಸೇರಿಸಿದೆ. ಮೈಸೂರಿನಲ್ಲಿ ೧೯೬೫ರಲ್ಲಿ ಹುಟ್ಟಿದ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕನ್ನಡದ ಓದನ್ನೇ ಪರೀಕ್ಷಿಸಬಲ್ಲ ತಜ್ಞರಿದ್ದಾರೆ. ಅಗತ್ಯವಾದರೆ ಅಲ್ಲಿಗೂ ಹೋಗೋಣ. ಆದರೆ ಮೊದಲು ಕಣ್ಣು, ಆಮೇಲೆ ಕಿವಿ. ಮಳೆಗಾಲದುದ್ದಕ್ಕೂ ಕೆರೆಯಲ್ಲಿ ಮುಳುಗಿ ಕಿವಿ ಸೋರುವ ಹುಡುಗರನ್ನು ನಾನು ಎಷ್ಟು ಮಂದಿಯನ್ನು ಕಂಡಿಲ್ಲ! ಅವರಿಗೆ ಪ, ಬ ಒಂದೇ ಕೇಳಿಸುತ್ತದೆ. ಶಾಲೆಗೆ ಬರುವ ಬಾಲಸ್ವಾಸ್ಥ್ಯದ ವೈದ್ಯರ ತಂಡಕ್ಕೆ ಇವನನ್ನು ತೋರಿಸಿದ್ದೇನೆ. ಕಣ್ಣು, ಕಿವಿ ಎರಡೂ ಚೆನ್ನಾಗಿವೆ. ಮೂರನೆಯದಾಗಿ, ಮಗುವಿಗೆ ಸರಿಯಾಗಿ ಕಲಿಸಿ ನೋಡಬೇಕು. ಕೆಲವು ತಿಂಗಳು ದಿನವೂ ಪಕ್ಕದಲ್ಲಿ ಕುಳಿತು ಕಲಿಸಿದ ಮೇಲೂ ಮುಂದೆ ಸಾಗದಿದ್ದರೆ ಆಗ ಹೆಸರಿಡುವ ಮಾತು. ಕಲಿಸದೆಯೇ ಹೆಸರಿಟ್ಟರೆ ನಮ್ಮ ನ್ಯೂನತೆಯನ್ನು ಮಗುವಿನ ತಲೆಗೆ ಕಟ್ಟಿದಂತಾಗುತ್ತದೆ.

ಹಿರಿಯರು: ಅವನ ಬಾಯಿ ಮಾತ್ರ ಎಂಥದು ಬಲ್ಲಿರಾ? ಹೋದ ವರ್ಷ ಮಾರಣಕಟ್ಟೆ ಮೇಳದ ಆಟ ನೋಡಿ ಬಂದು, ಬೈರಾಸು ತಲೆಗೆ ಸುತ್ತಿ, ಇಡೀ ಅರ್ಥವನ್ನು ಅಂಗಳದಲ್ಲಿ ಹೇಳಿದನು. 'ಎಲೈ ಮದಾಂಧನೇ' ಅಂತೆ! ಅದರ ಅರ್ಥ ಕೇಳಿದರೆ ಅದನ್ನೂ ಸರಿಯಾಗಿ ಹೇಳಿದನು.

ಉಪಾಧ್ಯಾಯಿನಿ: ಅಲ್ಲಿಯೇ ನನಗೆ ದಾರಿ ಕಂಡುದು. ಅವನ ಭಾಷೆ ಬಡವಾಗಿಲ್ಲ. ದೀಪಾವಳಿಯ ಅನಂತರದಿಂದ ಪತ್ತನಾಜೆಯವರೆಗೆ ಬಯಲಾಟದ ಚೆಂಡೆ ಕೇಳುತ್ತಲೇ ಬೆಳೆದ ಈ ಕಡೆಯ ಮಕ್ಕಳ ಕಿವಿಯಲ್ಲಿ ಸಂಸ್ಕೃತದ ಎಷ್ಟೋ ಶಬ್ದಗಳು ಅರ್ಥಸಹಿತವಾಗಿ ನೆಲೆಸಿರುತ್ತವೆ. ಮಹಾಪ್ರಾಣವನ್ನು ಕಲಿಸುವುದು ನಮಗೆ ದೊಡ್ಡ ಕಷ್ಟ. ಮನೆಮಾತಿನಲ್ಲಿ 'ಬ'ಕ್ಕೂ 'ಭ'ಕ್ಕೂ ಹೆಚ್ಚು ಭೇದವಿಲ್ಲ, ಆದುದರಿಂದ ಎರಡು ಅಕ್ಷರ ಏಕೆ ಬೇಕೆಂಬುದೇ ಮಗುವಿಗೆ ಹೊಳೆಯುವುದಿಲ್ಲ. ಇವನಿಗೆ 'ಬಲರಾಮ', 'ಭೀಮ' ಎಂದು ಎರಡು ಚೀಟಿ ಬರೆದು ಕೊಟ್ಟು, ರಂಗಸ್ಥಳದಲ್ಲಿ ಹೇಳುವ ಹಾಗೆ ಹೇಳು ಎಂದೆ. ಭೀಮನ ಹೆಸರು ಬಂದಾಗ ಎದೆಯಿಂದ ಉಸಿರು ತುಂಬಿ 'ಭೀ' ಎಂದನು. ಆ ಉಸಿರೇ ಈ ಅಕ್ಷರದ ಹೊಟ್ಟೆಯ ಕೆಳಗಿನ ಗೀಟು ಎಂದು ತೋರಿಸಿದೆ. ಅಂದಿನಿಂದ ಆ ಎರಡು ಅಕ್ಷರಗಳಲ್ಲಿ ತಪ್ಪಿಲ್ಲ. ದುರ್ಯೋಧನನಿಂದ 'ಧ', ಘಟೋತ್ಕಚನಿಂದ 'ಘ' ಹೀಗೆಯೇ ಬಂದುವು. ಯಾವ ಪಠ್ಯಪುಸ್ತಕದ ಸಮಿತಿಗೂ ಇದು ತಿಳಿದಿರಲಾರದು, ಏಕೆಂದರೆ ಇದು ಬೀದರಿನಲ್ಲಿ ನಡೆಯುವ ಉಪಾಯವಲ್ಲ.

ಹಿರಿಯರು: ಆದರೆ ನಮ್ಮ ಮಾತನ್ನು ಶಾಲೆಯಲ್ಲಿ ತಿದ್ದುತ್ತೀರಲ್ಲ? ಆಸಾಡಿ ಅಮಾಸಿಯ ದಿನ ಕುಂದಾಪ್ರ ಕನ್ನಡದ ಹಬ್ಬ ಮಾಡುತ್ತೀರಿ, ಭಾಷಣ ಮಾಡುತ್ತೀರಿ. ಮರುದಿನ ಮಗು 'ಬರ್ಕ್' ಎಂದು ಬರೆದರೆ ಕೆಂಪು ಶಾಯಿ!

ಉಪಾಧ್ಯಾಯಿನಿ: ಒಪ್ಪಿದೆ. ಮನೆಯಲ್ಲಿ 'ಕಾಣ್' ಎಂದು ಕಲಿತ ಮಗುವಿಗೆ ಪುಸ್ತಕ 'ನೋಡು' ಎನ್ನುತ್ತದೆ. 'ಹೋಯ್ಕ್' ಎಂದುದನ್ನು 'ಹೋಗಬೇಕು' ಎನ್ನುತ್ತದೆ. ಖಾರ್ವಿಗಳ ಮನೆಯ ಮಗುವಿಗೆ, ಗಂಗೊಳ್ಳಿಯ ಮುಸಲ್ಮಾನರ ಮನೆಯ ಮಗುವಿಗೆ ಇನ್ನೂ ದೂರ. ಓದು ಎಂದರೆ ಬಲ್ಲ ಮಾತನ್ನು ಅಕ್ಷರದಲ್ಲಿ ಗುರುತಿಸುವುದು. ಅರಿಯದ ಮಾತನ್ನೇ ಕೊಟ್ಟರೆ ಗುರುತಿಸುವುದೇನನ್ನು? ನ್ಯೂಜಿಲೆಂಡಿನಲ್ಲಿ ಸಿಲ್ವಿಯಾ ಆಷ್ಟನ್–ವಾರ್ನರ್ ಎಂಬ ಉಪಾಧ್ಯಾಯಿನಿಯೊಬ್ಬರು ಮಾವೊರಿ ಮಕ್ಕಳಿಗೆ ಅಚ್ಚಾದ ಪುಸ್ತಕವನ್ನು ಬದಿಗಿಟ್ಟು, 'ನಿನಗೆ ಇಂದು ಯಾವ ಮಾತು ಬೇಕು?' ಎಂದು ಕೇಳಿ, ಮಗು ಹೇಳಿದ ಮಾತನ್ನೇ ರಟ್ಟಿನ ಮೇಲೆ ಬರೆದುಕೊಡುತ್ತಿದ್ದರು. ೧೯೬೩ರಲ್ಲಿ ಆ ಅನುಭವದ ಪುಸ್ತಕ ಹೊರಬಂದಿತು. ನಾನೂ ಇವನನ್ನು ಕೇಳಿದೆ. ಅವನು ಹೇಳಿದುದು, 'ನಾಳೆ ಹೂ ಕೊಯ್ಕ್.' ಹಾಗೆಯೇ ಬರೆದೆ. 'ಕೊಯ್ಕ್' ಎಂಬ ರೂಪ ಪಠ್ಯಪುಸ್ತಕದ ಲೆಕ್ಕದಲ್ಲಿ ಬಲು ಕಠಿಣ, ಒತ್ತೂ ಉಂಟು, ಅರ್ಧಾಕ್ಷರವೂ ಉಂಟು. ಅವನು ಎಡವದೆ ಓದಿದನು, ಮರುದಿನವೂ ಓದಿದನು. ಅದರ ಕೆಳಗೆ 'ನಾಳೆ ಹೂವು ಕೊಯ್ಯಬೇಕು' ಎಂದು ಬರೆದು, ಪುಸ್ತಕದವರು ಹೀಗೆ ಹೇ‌ಳುತ್ತಾರೆ ಎಂದೆ. 'ಅವ್ರಿಗ್ ನಮ್ ಮಾತ್ ಬತ್ತಿಲ್ಯಾ?' ಎಂದು ಕೇಳಿದನು.

ಹಿರಿಯರು: ಒಳ್ಳೆಯ ಪ್ರಶ್ನೆ ಕೇಳಿದ. ಈಗ ನಾನು ಮಾಡಬೇಕಾದುದೇನು? ಟ್ಯೂಷನ್ನಿಗೆ ಹಾಕಲೆ?

ಉಪಾಧ್ಯಾಯಿನಿ: ಇಪ್ಪತ್ತು ಮಕ್ಕಳ ಟ್ಯೂಷನ್ನಿನಲ್ಲಿ ನಾಳೆಯ ಪಾಠದ ಪ್ರಶ್ನೋತ್ತರ ಬರೆಸುತ್ತಾರೆ, ಅದೂ ನಕಲೇ. ನನ್ನ ಕೋರಿಕೆ ಸಣ್ಣದು. ದಿನವೂ ಬೆಳಿಗ್ಗೆ ಗಂಟೆ ಬಾರಿಸುವ ಮೊದಲು ಅರ್ಧ ಗಂಟೆ ಅವನು ನನ್ನ ಬಳಿ ಇರಬೇಕು. ಇನ್ನಿಬ್ಬರು ಇರುತ್ತಾರೆ, ಮೂವರಿಗಿಂತ ಹೆಚ್ಚಿಲ್ಲ. ನಿನ್ನೆ ಓದಿದುದನ್ನು ಒಮ್ಮೆ ಓದುವುದು, ಬಾಯಿಮಾತಿನಲ್ಲಿಯೇ ಶಬ್ದವನ್ನು ಒಡೆದು ಕೂಡಿಸುವ ಆಟ, ಒಂದು ಹೊಸ ಅಕ್ಷರ ಅಥವಾ ಒತ್ತು, ಅವನದೇ ಒಂದು ವಾಕ್ಯವನ್ನು ಬರೆಯುವುದು, ಮನೆಗೆ ಒಂದು ತೆಳು ಪುಸ್ತಕ. ನ್ಯೂಜಿಲೆಂಡಿನ ಮೇರಿ ಕ್ಲೇ ಎಂಬವರು ೧೯೭೦ರ ದಶಕದಲ್ಲಿ ಇದನ್ನು ಒಂದು ವ್ಯವಸ್ಥೆಯಾಗಿ ರೂಪಿಸಿದರು: ಶಾಲೆಗೆ ಸೇರಿ ಒಂದು ವರ್ಷವಾದೊಡನೆ ಎಲ್ಲರಿಗಿಂತ ಹಿಂದಿರುವ ಆರು ವರ್ಷದ ಮಕ್ಕಳನ್ನು ಆರಿಸಿ, ದಿನಕ್ಕೆ ಅರ್ಧ ಗಂಟೆಯಂತೆ ಹನ್ನೆರಡರಿಂದ ಇಪ್ಪತ್ತು ವಾರ ಒಬ್ಬೊಬ್ಬರನ್ನೇ ಓದಿಸುವುದು; ಮಗು ಓದುತ್ತಿರುವಾಗ ಅದರ ಒಂದೊಂದು ತಪ್ಪನ್ನೂ ಗುರುತು ಹಾಕಿಕೊಳ್ಳುವುದು.

ಹಿರಿಯರು: ಅಲ್ಲಿ ಅದು ಫಲಿಸಿತೆ?

ಉಪಾಧ್ಯಾಯಿನಿ: ತಕ್ಷಣಕ್ಕೆ ಫಲಿಸಿತು. ಆದರೆ ಅಮೆರಿಕದಲ್ಲಿ ಆ ಮಕ್ಕಳನ್ನು ಮೂರು ನಾಲ್ಕನೆಯ ತರಗತಿಯವರೆಗೆ ಹಿಂಬಾಲಿಸಿ ನೋಡಿದವರಿಗೆ ಲಾಭ ಉಳಿದಿರಲಿಲ್ಲ. ಕೆಲವರು ಹಿಂದೆಯೇ ಬಿದ್ದಿದ್ದರು. ಚಿತ್ರವನ್ನೂ ಸಂದರ್ಭವನ್ನೂ ನೋಡಿ ಮಾತನ್ನು ಊಹಿಸುವುದಕ್ಕೆ ಆ ಪದ್ಧತಿಯು ಎಡೆಗೊಟ್ಟುದೇ ದೋಷವೆಂದು ಅನೇಕರ ವಾದ. ನ್ಯೂಜಿಲೆಂಡೇ ೨೦೨೫ರಿಂದ ಅಕ್ಷರ ಮತ್ತು ಧ್ವನಿಗಳ ಕ್ರಮಬದ್ಧ ಬೋಧನೆಯ ಕಡೆಗೆ ತಿರುಗಿದೆ. ನನಗೆ ನಿಮ್ಮ ಮೊಮ್ಮಗನ ಕೋತಿಯನ್ನು ಕಂಡ ಮೇಲೆ ಆ ವಾದವನ್ನು ನಂಬದಿರಲು ಆಗುವುದಿಲ್ಲ. ಕ್ಲೇ ಅವರಿಂದ ಪಕ್ಕದಲ್ಲಿ ಕೂರುವುದನ್ನೂ ತಪ್ಪಿಗೆ ಕಿವಿಗೊಡುವುದನ್ನೂ ತೆಗೆದುಕೊಂಡಿದ್ದೇನೆ, ಊಹೆಯನ್ನು ಬಿಟ್ಟಿದ್ದೇನೆ. ಹನ್ನೆರಡು ವಾರಕ್ಕೆ ಮುಗಿಯುವುದೆಂಬ ಭರವಸೆಯನ್ನೂ ಕೊಡುವುದಿಲ್ಲ. ನಮ್ಮಲ್ಲಿ 'ಓದು ಕರ್ನಾಟಕ' ಎಂದು ನಾಲ್ಕು ಐದನೆಯ ತರಗತಿಯವರಿಗೆ ಇಂಥದೊಂದು ಕಾರ್ಯಕ್ರಮ ಬಂದಿತು, ಮಕ್ಕಳನ್ನು ತರಗತಿಯ ಬದಲು ಓದಿನ ಮಟ್ಟಕ್ಕೆ ತಕ್ಕಂತೆ ಕೂರಿಸುವುದು ಅದರ ತಿರುಳು. ಒಳ್ಳೆಯದೇ, ಆದರೆ ನಾಲ್ಕನೆಯ ತರಗತಿಗೆ ಬರುವಷ್ಟರಲ್ಲಿ ಮಗು ಓದಲು ಬಾರದುದನ್ನು ಮರೆಮಾಚುವ ವಿದ್ಯೆಯಲ್ಲಿ ಪಂಡಿತನಾಗಿರುತ್ತದೆ.

ಹಿರಿಯರು: ಮನೆಯಲ್ಲಿ ನಾನೇನು ಮಾಡಲಿ? ಕಣ್ಣಿಗೆ ಪೊರೆ ಬಂದಿದೆ. ಅವನ ಅಮ್ಮನಿಗೆ ಗೇರುಬೀಜದ ಕಾರ್ಖಾನೆಯಿಂದ ಬರುವಾಗ ಕತ್ತಲಾಗುತ್ತದೆ.

ಉಪಾಧ್ಯಾಯಿನಿ: ನಿಮ್ಮ ಕಣ್ಣು ಬೇಡ. ಚಾವಡಿಯಲ್ಲಿ ಹತ್ತು ನಿಮಿಷ ಅವನು ನಿಮಗೆ ಓದಿ ಹೇಳಲಿ. ಪಂಜೆಯವರ 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಕಥೆ ಕೊಟ್ಟು ಕಳುಹಿಸುತ್ತೇನೆ. ಕಡಲ ಬದಿಯ ಮಗುವಿಗೆ ಸಿಗಡಿಯ ಪರಿಚಯ ಮಾಡಿಸಬೇಕಾಗಿಲ್ಲ, ಮತ್ತು ಅದರಲ್ಲಿ ಒಂದೇ ಪ್ರಶ್ನೆ ಒಬ್ಬರಿಂದ ಒಬ್ಬರಿಗೆ ದಾಟಿಹೋಗುವುದರಿಂದ ಮಾತುಗಳು ಮರಳಿ ಮರಳಿ ಬರುತ್ತವೆ. ಅದೂ ಬಾಯಿಪಾಠವಾಗದಂತೆ ನಡುನಡುವೆ ಒಂದು ಸಾಲನ್ನು ಬೆರಳಿಟ್ಟು ಕೇಳಿ. ಶಾಲೆಗಳ ಇನ್‌ಸ್ಪೆಕ್ಟರಾಗಿದ್ದ ಪಂಜೆಯವರು ಮಕ್ಕಳ ಓದಿಗೆ ಯಾವುದು ಬೇಕೆಂಬುದನ್ನು ತರಗತಿಯ ಬಾಗಿಲಲ್ಲಿ ನಿಂತು ಕಲಿತವರು. ಪಂಚಾಯತಿಯ ಗ್ರಂಥಾಲಯದಲ್ಲಿ, ಈಗ ಅರಿವು ಕೇಂದ್ರವೆನ್ನುತ್ತಾರೆ, ೨೦೨೦ರ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಶನಿವಾರ ಅಲ್ಲಿಗೂ ಹೋಗಿ ಬರಲಿ. ಓದುವಾಗ ಅರ್ಥ ಕೆಟ್ಟರೆ ನಿಮಗೆ ತಿಳಿಯುತ್ತದೆ. ಆಗ 'ಎಂತ ಅಂದೆ?' ಎಂದು ಕೇಳಿ, ಸುಮ್ಮನಿರಿ. ಮಾತನ್ನು ನೀವು ಹೇಳಿಕೊಡಬೇಡಿ. ಆ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ. ನಾವು ಉಪಾಧ್ಯಾಯರೂ ಮೂರು ಎಣಿಸುವಷ್ಟು ಕಾಲ ತಾಳುವುದಿಲ್ಲ.

ಹಿರಿಯರು: ನಿಮ್ಮ ಮಾತು ಒಪ್ಪಿಗೆಯೇ. ಆದರೆ ಅವನಪ್ಪ ಬೆಂಗಳೂರಿನ ಹೊಟೇಲಿನಿಂದ ಫೋನು ಮಾಡುವಾಗಲೆಲ್ಲ, ಜೂನಿನಲ್ಲಿ ಇವನನ್ನು ಹಳದಿ ಬಸ್ಸಿನ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕುವುದು ನಿಶ್ಚಯ ಎನ್ನುತ್ತಾನೆ.

ಉಪಾಧ್ಯಾಯಿನಿ: ತಡೆಯುವ ಅಧಿಕಾರ ನನಗಿಲ್ಲ. ಆದರೆ ಬಾಯಲ್ಲಿ ಬಲ್ಲ ಭಾಷೆಯನ್ನೇ ಕಣ್ಣಿನಿಂದ ಹಿಡಿಯಲಾರದ ಮಗುವಿಗೆ ಕಿವಿಯಲ್ಲಿಯೂ ಇಲ್ಲದ ಭಾಷೆಯ ಓದನ್ನು ಹೊರಿಸಿದರೆ, ಅಲ್ಲಿಯೂ ಅವನು ಮುಖ ನೋಡಿ ಊಹಿಸುವುದನ್ನೇ ಮುಂದುವರಿಸುತ್ತಾನೆ. ಒಮ್ಮೆ ಕನ್ನಡದಲ್ಲಿ ಓದು ಕೂಡಿಬಂದರೆ ಇಂಗ್ಲಿಷಿಗೆ ದಾಟುವುದು ಎಷ್ಟೋ ಸುಲಭ. ಅಕ್ಷರ ಬೇರೆಯಾದರೂ, ಅಕ್ಷರದಿಂದ ಮಾತು ಹುಟ್ಟುತ್ತದೆಂಬ ನಂಬಿಕೆ ಅದೇ. ಒಂದು ವರ್ಷ ಕಾಯಲು ಹೇಳಿ.

ಹಿರಿಯರು: ಒಂದು ವರ್ಷಕ್ಕೆ ಅವನು ಒಪ್ಪಲಾರ. ಏಪ್ರಿಲಿನವರೆಗೆ ನಾನು ಒಪ್ಪಿಸುತ್ತೇನೆ. ಅಷ್ಟರಲ್ಲಿ ಹುಡುಗ ಅಪ್ಪನಿಗೆ ಫೋನಿನಲ್ಲಿ ಏನಾದರೂ ಓದಿ ಹೇಳುವಂತಾಗಬೇಕು, ಬಾಯಿಪಾಠವಲ್ಲ. ಸಂಕ್ರಾಂತಿಯ ವಾರ ಮಾತ್ರ ಬಿಡಿ. ಹೂ ಕೊಯ್ಯುವುದಕ್ಕೆ ಮನೆಯವರೆಲ್ಲರೂ ಬೇಕು, ಸಣ್ಣ ಕೈಗಳೂ ಬೇಕು.

ಉಪಾಧ್ಯಾಯಿನಿ: ಆ ವಾರ ಬಿಟ್ಟರೆ ಹಿಂದಿನ ಮೂರು ವಾರ ಹೋದ ಹಾಗೆಯೇ. ಹೂವು ಕೊಯ್ದಾದ ಮೇಲೆ ಒಂಬತ್ತು ಗಂಟೆಗೆ ಕಳುಹಿಸಿ.

ಹಿರಿಯರು: ಒಂಬತ್ತೂವರೆ.

ಉಪಾಧ್ಯಾಯಿನಿ: ಒಂಬತ್ತೂಕಾಲು. ಕೈ ತೊಳೆದುಕೊಂಡೇ ಬರಬೇಕೆಂದಿಲ್ಲ.